ಕಂಪನಿ ಫಿಟ್ಟಿಂಗ್ ಅಲ್ಲ

ಜೂನ್ 3

ತಮ್ಮನಿಗೆ,

ನಮ್ಮ ವ್ಯಾನನ್ನು ಯಾರೋ ದೊಡ್ಡ ತಕ್ಕಡಿಯಲ್ಲಿ ಇಟ್ಟ ಹಾಗೆ ಕನಸು ಬಿತ್ತು. ಇನ್ನೊಂದು ತಟ್ಟೆಗೆ ಬುಟ್ಟಿಗಟ್ಟಲೆ ನಟ್ಟು ಬೋಲ್ಟು ಸುರಿಯುತ್ತಿದ್ದರು. ವ್ಯಾನಿನ ಒಳಗೆ ನನ್ನ ಮೂವರು ಪ್ಯಾಸೆಂಜರುಗಳೂ ಕೂತೇ ಇದ್ದರು. ಡ್ರಾಯಿಂಗ್ ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ, "ಏನಮ್ಮಾ, ಇವತ್ತು ಹೊರಡೋದು ಲೇಟಾ?" ಅಂತ ಕೇಳುತ್ತಿದ್ದರು. ಇಳೀರಿ ಸಾರ್ ಅಂತ ನಾನು ಕೂಗಿದರೆ ಬಾಯಿಂದ ಹಾರ್ನ್ ಸದ್ದು ಬರುತ್ತಿತ್ತು. ಎದ್ದು ಕೂತು ನೀರು ಕುಡಿದೆ. ಆಮೇಲೆ ನಿದ್ದೆ ಅನ್ನುವುದು ಹತ್ತಿರ ಸುಳಿಯಲಿಲ್ಲ.

ಮೂರು ವರ್ಷದ ಮೇಲೆ ಬರೆಯುವ ಕಾಗದ ಹೀಗೆ ಶುರುವಾಗಬಾರದಿತ್ತು. ಚೆನ್ನಾಗಿದ್ದೀಯಾ? ಫೋನ್ ಮಾಡಲು ನೋಡಿದೆ, ಆಗಲಿಲ್ಲ. ನಿನ್ನ ದನಿ ಕೇಳಿದರೆ ಒಂದೋ ಅಳುತ್ತೇನೆ, ಇಲ್ಲಾ ಬೈಯುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಕಾಗದವಾದರೆ ಹೊಡೆದುಹಾಕಿ ಮತ್ತೆ ಬರೆಯಬಹುದು. ಏಳನೇ ಕ್ಲಾಸಿಗೇ ಬಿಡಿಸಿದವಳ ಅಕ್ಷರ, ನೀನೇ ತಿದ್ದಿಕೊಂಡು ಓದು.

ವಿಷಯ ಇಷ್ಟು. ಹೋದ ವಾರ ಮೂವರನ್ನೂ ಡಯಾಲಿಸಿಸ್‌ಗೆ ಇಳಿಸಿ, ಆಸ್ಪತ್ರೆ ಗೇಟಿನ ಹೊರಗೆ ವ್ಯಾನ್ ನಿಲ್ಲಿಸಿಕೊಂಡು ಕನ್ನಡಿ ಒರೆಸುತ್ತಿದ್ದೆ. ಮರಳು ಲಾರಿಯೊಂದು ಹಿಂದಕ್ಕೆ ಬಂದಿದ್ದು ಬಂದ ಹಾಗೇ ಎಡಗಡೆ ಹಿಂಭಾಗಕ್ಕೆ ಗುದ್ದಿತು. ನನಗೇನೂ ಆಗಿಲ್ಲ, ಕುತ್ತಿಗೆ ಮಾತ್ರ ಒಂದು ಕಡೆ ತಿರುಗುತ್ತಿಲ್ಲ. ಒಳಗೆ ಯಾರೂ ಇರಲಿಲ್ಲ. ಇದ್ದಿದ್ದರೆ ಅನ್ನುವುದನ್ನು ದಿನಕ್ಕೆ ನೂರು ಸಲ ಯೋಚಿಸುತ್ತೇನೆ, ಅದು ಬೇರೆ ಮಾತು.

ಗ್ಯಾರೇಜಿಗೆ ಇನ್ಶೂರೆನ್ಸ್ ಸರ್ವೇಯರ್ ಬಂದಿದ್ದರು. ನೀಲಿ ಶರ್ಟು, ಮೆತ್ತಗೆ ಮಾತಾಡುವ ಮನುಷ್ಯ. ಮಲಗಿ, ಬಗ್ಗಿ, ಟೇಪ್ ಹಿಡಿದು ಎಲ್ಲಾ ನೋಡಿ, "ಇದು ಟೋಟಲ್ ಆಗೋ ಹಾಗಿದೆಯಮ್ಮ" ಅಂದರು. ಎಲ್ಲ ಖರ್ಚೂ ಕೂಡಿಸಿ ಕೊಡುತ್ತಾರೆ ಅಂದುಕೊಂಡು ನಾನು ತಲೆಯಾಡಿಸಿ ಥ್ಯಾಂಕ್ಸ್ ಬೇರೆ ಹೇಳಿದೆ. ಅವರು ಹೋದ ಮೇಲೆ ಟಿಂಕರಿಂಗ್ ಯಜಮಾನರು ನಕ್ಕರು. "ಟೋಟಲ್ ಅಂದ್ರೆ ಕಥೆ ಮುಗೀತು ಅಂತ ಕಣಮ್ಮ."

ನೀನು ಅದೇ ಕಂಪನಿಯಲ್ಲಿ ಅದೇ ಕೆಲಸದಲ್ಲಿ ಇದ್ದೀಯ. ಕಥೆ ಮುಗಿಸುವುದು ಯಾರು, ಹೇಗೆ ಅಂತ ಬರೆದು ತಿಳಿಸು.

ನಿದ್ದೆಯಿಲ್ಲದ ನಿನ್ನ ಅಕ್ಕ


ಜೂನ್ 10

ಅಕ್ಕನಿಗೆ,

ಕಾಗದ ತಲುಪಿತು. ಕುತ್ತಿಗೆಯನ್ನು ಡಾಕ್ಟರಿಗೆ ತೋರಿಸು.

ನಿನ್ನ ಫೈಲು ನಾನು ಮುಟ್ಟುವಂತಿಲ್ಲ. ಸಂಬಂಧಿಕರ ಗಾಡಿಯಾದರೆ ನಾವು ದೂರ ಇರಬೇಕು ಎಂಬುದು ನಿಯಮ. ನಿನ್ನ ಊರಿನ ಕಚೇರಿಗೆ ನಾನು ಫೋನೂ ಮಾಡುವುದಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಮಾತ್ರ ಬರೆಯುತ್ತೇನೆ.

ಪಾಲಿಸಿಯಲ್ಲಿ ಗಾಡಿಗೆ ಒಂದು ಬೆಲೆ ಕಟ್ಟಿರುತ್ತಾರೆ. ಗಾಡಿಗೆ ವಯಸ್ಸಾದಂತೆ ಆ ಬೆಲೆ ವರ್ಷ ವರ್ಷ ಇಳಿಯುತ್ತದೆ. ಅಪಘಾತವಾದಾಗ ಗ್ಯಾರೇಜಿನವರು ರಿಪೇರಿಗೆ ಎಷ್ಟಾಗುತ್ತದೆ ಎಂದು ಅಂದಾಜು ಕೊಡುತ್ತಾರೆ, ಸರ್ವೇಯರ್ ಅದನ್ನು ಪರಿಶೀಲಿಸುತ್ತಾರೆ. ಆ ಖರ್ಚು ಗಾಡಿಯ ಬೆಲೆಯಲ್ಲಿ ನಾಲ್ಕನೇ ಮೂರು ಪಾಲು ದಾಟಿದರೆ ಕಂಪನಿ ರಿಪೇರಿ ಮಾಡಿಸುವುದಿಲ್ಲ. ಬಿಚ್ಚಿದ ಮೇಲೆ ಒಳಗೆ ಇನ್ನೂ ಏನು ಮುರಿದಿರುತ್ತದೋ ಎಂಬ ಭಯ ಇರುತ್ತದೆ, ಅದಕ್ಕೇ ಆ ಗೆರೆ. ಗೆರೆ ದಾಟಿದರೆ ಗಾಡಿಯ ಬೆಲೆಯನ್ನು ನಿನ್ನ ಕೈಗೆ ಕೊಟ್ಟು, ಗಾಡಿಯನ್ನು ಗುಜರಿಗೆ ಕೊಡುತ್ತಾರೆ. ಅದೇ ಟೋಟಲ್. ಯಾರೂ ಕಥೆ ಮುಗಿಸುವುದಿಲ್ಲ, ಲೆಕ್ಕ ಮುಗಿಸುತ್ತದೆ.

ಒಪ್ಪಿಗೆ ಪತ್ರ ಬರುತ್ತದೆ. ಸಹಿ ಹಾಕಿ ಹಣ ತೆಗೆದುಕೊಂಡು ಬೇರೆ ಗಾಡಿ ನೋಡು. ಅದು ಗಾಡಿ ಅಷ್ಟೇ.

ವಿಶ್ವಾಸಪೂರ್ವಕವಾಗಿ,
ತಮ್ಮ


ಜೂನ್ 15

ವಿಶ್ವಾಸಪೂರ್ವಕ ತಮ್ಮನಿಗೆ,

ಸಹಿಯ ಕೆಳಗೆ ಸೀಲು ಒತ್ತುವುದೊಂದು ಬಾಕಿ ಇತ್ತು, ಅದನ್ನೂ ಒತ್ತಿ ಕಳಿಸಬೇಕಿತ್ತು.

ಒಪ್ಪಿಗೆ ಪತ್ರ ಬಂದಿದೆ. ನಾನು ಒಪ್ಪಿಲ್ಲ. ಅದನ್ನು ಅಕ್ಕಿ ಡಬ್ಬದ ಕೆಳಗೆ ಇಟ್ಟಿದ್ದೇನೆ, ದಿನಾ ಎತ್ತಿ ನೋಡಿ ನಾನು ನಿದ್ದೆಗಣ್ಣಲ್ಲಿ ಸಹಿ ಹಾಕಿಲ್ಲ ತಾನೇ ಅಂತ ಖಾತ್ರಿ ಮಾಡಿಕೊಳ್ಳುತ್ತೇನೆ.

ನೀನು ಬರೆದ ಲೆಕ್ಕ ನನಗೆ ಅರ್ಥವಾಯಿತು. ಅವರು ಬೆಲೆ ಕಟ್ಟಿರುವುದು ಒಂದು ಹಳೇ ವ್ಯಾನಿಗೆ. ವೀಲ್‌ಚೇರ್ ನೂಕಿದರೆ ತಾನಾಗಿ ಒಳಗೆ ಹೋಗಿ ಕೂರುವ ವ್ಯಾನಿಗೆ ಅಲ್ಲ. ಅವರು ಕೊಡುವ ದುಡ್ಡಿಗೆ ಇನ್ನೊಂದು ಹಳೇ ವ್ಯಾನ್ ಬರುತ್ತದೆ, ಸರಿ. ಪೈಲ್ವಾನರನ್ನು ಅದರೊಳಕ್ಕೆ ಎತ್ತಿ ಹಾಕುವವರು ಯಾರು, ನೀನಾ? ಒಂದು ಕಾಲದಲ್ಲಿ ಕುಸ್ತಿಯಲ್ಲಿ ಹತ್ತು ಜನರನ್ನು ಮಣ್ಣು ಮುಕ್ಕಿಸಿದ ಮನುಷ್ಯ, ಈಗ ಟ್ಯಾಕ್ಸಿ ಡ್ರೈವರು ಕಂಕುಳಿಗೆ ಕೈ ಹಾಕಿ ಮೂಟೆ ಎಳೆದ ಹಾಗೆ ಎಳೆಯುತ್ತಾನೆ. ನಿನ್ನೆ ಇಳಿದವರೇ ಗೋಡೆ ಕಡೆ ಮುಖ ಮಾಡಿಕೊಂಡು ಕೂತರು. ಟೈಪಿಸ್ಟಮ್ಮ ಟ್ಯಾಕ್ಸಿಯೇ ಬೇಡ ಅಂತ ಒಂದು ಸರದಿ ತಪ್ಪಿಸಿದರು, ಕಾಲು ಊದಿಕೊಂಡಿದೆ. ಡಯಾಲಿಸಿಸ್ ತಪ್ಪಿಸುವುದು ಅಂದರೆ ಏನು ಅಂತ ನಿನಗೆ ನಾನು ಹೇಳಬೇಕಾ? ಲೆಕ್ಕ ಮುಗಿಸುವುದು ಗಾಡಿಯನ್ನು ಮಾತ್ರ ಅಲ್ಲ.

ಮೊನ್ನೆ ಗುಜರಿಯವನು ಗಾಡಿ ನೋಡಲು ಬಂದ. ನಾನು ಹೆದರಿಕೊಂಡೇ ಹೋಗಿ ಡ್ರೈವರ್ ಸೀಟಿನಲ್ಲಿ ಕೂತೆ, ಇಳಿಯಲಿಲ್ಲ. ಅಷ್ಟರಲ್ಲಿ ಪೈಲ್ವಾನರು ಟ್ಯಾಕ್ಸಿ ಮಾಡಿಸಿಕೊಂಡು ಬಂದೇಬಿಟ್ಟರು, ಯಾರು ಸುದ್ದಿ ಕೊಟ್ಟರೋ ಕಾಣೆ. ಗ್ಯಾರೇಜಿನವರು ರ‍್ಯಾಂಪ್ ಇಳಿಸಿ ಕುರ್ಚಿ ನೂಕಿದರು. ಅಷ್ಟೊಂದು ಏಟು ತಿಂದ ಗಾಡಿ, ಕುರ್ಚಿ ಮಾತ್ರ ಸಲೀಸಾಗಿ ತನ್ನ ಜಾಗಕ್ಕೆ ಹೋಗಿ ನಿಂತಿತು.

"ತೂಕಕ್ಕೆ ಹಾಕ್ತೀಯೇನಯ್ಯ? ಹಾಕು. ನನ್ನನ್ನೂ ಸೇರಿಸಿ ಹಾಕು" ಅಂದರು ಪೈಲ್ವಾನರು.

"ಯಜಮಾನ್ರೇ, ನಾನು ಬರೀ ರೇಟ್ ಹೇಳೋಕೆ ಬಂದೋನು."

"ಹಾಗಾದ್ರೆ ನಂದೂ ಒಂದು ರೇಟ್ ಹೇಳಿ ಹೋಗು. ಎಡಗೈ ಬೇಕಾದ್ರೆ ಬಿಟ್ಟುಬಿಡು, ಅದು ಸೂಜಿ ಚುಚ್ಚಿ ಚುಚ್ಚಿ ಹಾಳಾಗಿದೆ."

ಅವನು ನಕ್ಕುಬಿಟ್ಟ, ಆಮೇಲೆ ಹೊರಟುಹೋದ. ಇನ್ನೊಬ್ಬ ಬರುತ್ತಾನೆ, ಗೊತ್ತು. ಬರಲಿ.

ಅದು ಗಾಡಿ ಅಷ್ಟೇ ಅಂತ ಇನ್ನೊಂದು ಸಲ ಬರೆದೀಯ, ಹುಷಾರು.

ಇಳಿಯದೇ ಕೂತ ನಿನ್ನ ಅಕ್ಕ


ಜೂನ್ 24

ಅಕ್ಕ,

ಒಂದು ವಿಷಯ ಕೇಳಬೇಕು. ಅಂದಾಜಿನಲ್ಲಿ ಎಲ್ಲಕ್ಕಿಂತ ದೊಡ್ಡ ಖರ್ಚು ಯಾವುದಕ್ಕೆ ಹಾಕಿದ್ದಾರೆ? ನೆಲದ ಬಗ್ಗೆ ಸರ್ವೇಯರ್ ಏನೆಂದರು? ಅವರು ಕೇಳಿದ್ದು, ನೀನು ಹೇಳಿದ್ದು, ನೆನಪಿದ್ದಷ್ಟೂ ಹಾಗಾಗೇ ಬರೆ.

ಕುರ್ಚಿ ಸಲೀಸಾಗಿ ಹೋಯಿತು ಎಂದೆಯಲ್ಲ, ನಿಜವಾಗಿ ಹಾಗೇ ಹೋಯಿತಾ? ಎಲ್ಲೂ ತಡೆಯಲಿಲ್ಲವಾ?

ತಮ್ಮ


ಜೂನ್ 28

ತಮ್ಮನಿಗೆ,

ಯಾಕೆ ಕೇಳಿದೆ? ನಾನು ಏನಾದರೂ ತಪ್ಪು ಮಾತಾಡಿದ್ದೇನಾ? ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಇರಲಿ, ಬರೆಯುತ್ತೇನೆ.

ದೊಡ್ಡ ಖರ್ಚು ನೆಲಕ್ಕೇ. ಹಿಂದಿನ ನೆಲ ನಾಲ್ಕು ಬೆರಳು ಕುಸಿದಿದೆ, ಅಡಿಯ ಕಂಬಿಗಳೂ ಬಾಗಿವೆ, ಪೂರ್ತಿ ಕತ್ತರಿಸಿ ಹೊಸದು ಕೂರಿಸಬೇಕು ಅಂತ. ಬಾಗಿಲು, ದೀಪ, ಮೂಲೆ ತಗಡು, ಇವೆಲ್ಲ ಅದರ ಮುಂದೆ ಏನೂ ಅಲ್ಲವಂತೆ. ಕುರ್ಚಿ ಎಲ್ಲೂ ತಡೆಯಲಿಲ್ಲ, ನಾನೇ ಕಣ್ಣಾರೆ ನೋಡಿದೆ.

ಸರ್ವೇಯರ್ ಕೇಳಿದ್ದು ಒಂದೇ. ಮ್ಯಾಟಿನ ಮೇಲೆ ಕೈಯಾಡಿಸಿ, "ಈ ನೆಲ ನೀವು ಏನಾದ್ರೂ ಮಾಡಿಸಿದ್ದಾ, ಇಲ್ಲಾ ಗಾಡಿ ಕಂಪನಿದೇನಾ?" ಅಂದರು. ಅಪ್ಪ ಹೇಳಿಕೊಟ್ಟ ಹಾಗೇ ನೇರವಾಗಿ ಹೇಳಿದೆ, "ಕಂಪನಿ ಫಿಟ್ಟಿಂಗ್ ಸಾರ್." ಅವರು ಆಗ ಫೋನಿನಲ್ಲಿ ಕಂಪನಿಯ ಅಳತೆ ತೆಗೆದು ನೋಡಿ, ಟೇಪ್ ಇಟ್ಟು, ತಲೆ ಕೊಡವಿದರು.

ಅಷ್ಟೇ. ನನ್ನ ಕಡೆಯಿಂದ ಒಂದು ಮಾತೂ ಹೆಚ್ಚು ಕಮ್ಮಿ ಆಗಿಲ್ಲ.

ಅಕ್ಕ


ಜುಲೈ 2

ಅಕ್ಕ, ನನ್ನ ಅಮ್ಮಾ, ತಾಯಿ,

ಆ ನೆಲ ಕುಸಿದದ್ದಲ್ಲ. ನಾನು ಇಳಿಸಿದ್ದು.

ಮರೆತೆಯಾ? ನೀನೇ ಟಾರ್ಚ್ ಹಿಡಿದಿದ್ದೆ. ಬಾಗಿಲಿನ ಬಳಿಯಿಂದ ಒಳಗಿನವರೆಗೆ ನೆಲ ಕತ್ತರಿಸಿ, ಅಡಿಯ ಕಂಬಿಗಳನ್ನು ಬಗ್ಗಿಸಿ, ನಾಲ್ಕು ಬೆರಳು ತಗ್ಗಿಸಿ, ಮತ್ತೆ ಬೆಸೆದೆ. ಹಾಗೆ ತಗ್ಗಿರುವುದಕ್ಕೇ ಕುರ್ಚಿ ತಾನಾಗಿ ಒಳಗೆ ಹೋಗುವುದು. ಏಟು ಬಿದ್ದು ಕುಸಿದಿದ್ದರೆ ಕುರ್ಚಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತಿತ್ತು. ನಿನ್ನ ಪೈಲ್ವಾನರ ಕಥೆ ಓದಿ ನಕ್ಕೆ, ಆಮೇಲೆ ಊಟಕ್ಕೆ ಕೂತಾಗ ಇದು ಹೊಳೆಯಿತು, ತುತ್ತು ಕೈಯಲ್ಲೇ ಉಳಿಯಿತು.

ಸರ್ವೇಯರ್ ಅವರದ್ದು ತಪ್ಪಿಲ್ಲ. ಕೇಳಬೇಕಾದ್ದನ್ನೇ ಕೇಳಿದ್ದಾರೆ. ಕಂಪನಿ ಫಿಟ್ಟಿಂಗ್ ಅಂತ ಗಾಡಿಯವರೇ ಹೇಳಿದ ಮೇಲೆ ಕಂಪನಿಯ ಅಳತೆಯಲ್ಲಿ ಅಳೆಯದೆ ಇನ್ನೇನು ಮಾಡುತ್ತಾರೆ?

ಅಪ್ಪನಿಗೆ ಬೆಸುಗೆ ಕಾಣಬಾರದಿತ್ತು. ಗ್ರೈಂಡರ್ ಹೊಡೆದು, ಪುಟ್ಟಿ ಬಳಿದು, ಬಣ್ಣ ಹಾಕಿ, ಮ್ಯಾಟ್ ಅಂಟಿಸಿ, ಕನ್ನಡಿ ಹಿಡಿದರೂ ಸಿಗದ ಹಾಗೆ ಮಾಡಿಸಿದರು. ನಮ್ಮ ರಿಪೇರಿ ಶೆಡ್ಡಿಗೆ ಬಂದವರೆಲ್ಲ ನೆಲ ನೋಡಿ ಬೆರಗಾದರೆ, "ಕಂಪನಿ ಫಿಟ್ಟಿಂಗ್" ಎಂದು ಮೀಸೆ ತಿರುವುತ್ತಿದ್ದರು. ನಾನು ಅಲ್ಲೇ ಪಕ್ಕದಲ್ಲಿ, ಕಣ್ಣಿಗೆ ಬೆಂಕಿಯ ಬೆಳಕು ಹೊಡೆದು ನೀರು ಸುರಿಸುತ್ತಾ ನಿಂತಿರುತ್ತಿದ್ದೆ. ಕೆಲಸವೂ ಕಾಣಲಿಲ್ಲ, ಕೆಲಸ ಮಾಡಿದವನೂ ಕಾಣಲಿಲ್ಲ. ಹೋಗಲಿ ಬಿಡು.

ಈಗ ನೀನು ಮಾಡಬೇಕಾದ್ದು: ಮತ್ತೊಮ್ಮೆ ಸರ್ವೆ ಮಾಡಿ ಎಂದು ಬರೆದು ಕೊಡು. ನೆಲ ನಾವೇ ಇಳಿಸಿದ್ದು, ಬಾಯಿ ತಪ್ಪಿ ಬೇರೆ ಹೇಳಿದೆ ಎಂದು ಒಪ್ಪಿಕೋ. ವೀಲ್‌ಚೇರಿಗೆ ಅಳವಡಿಸಿದ ಗಾಡಿ ಎಂದು ಸಾರಿಗೆ ಕಚೇರಿಯವರು ಆಗಲೇ ನೋಡಿ ಒಪ್ಪಿದ್ದಾರೆ, ಹಾಗಾಗಿ ಕಳ್ಳತನವೇನಲ್ಲ. ನೆಲದ ಖರ್ಚು ಬಿಟ್ಟರೆ ಗಾಡಿ ಗೆರೆಯ ಈಚೆಗೇ ಉಳಿಯುತ್ತದೆ. ನೀನಾಗಿ ಏನನ್ನೂ ಕೆರೆಯಲು ಹೋಗಬೇಡ, ಆಮೇಲೆ ಅದೇ ಒಂದು ರಾಮಾಯಣವಾಗುತ್ತದೆ.

ನಾನು ಬರುವಂತಿಲ್ಲ. ಇನ್ಶೂರೆನ್ಸ್ ಕಂಪನಿಯವನೇ ಅಕ್ಕನ ಪರ ನಿಂತ ಎಂದಾಗುತ್ತದೆ.

ತಮ್ಮ


ಜುಲೈ 9

ತಮ್ಮನಿಗೆ,

ನಿನ್ನ ಕಾಗದ ಓದಿ ನನ್ನ ಬಾಯಿಗೆ ನಾನೇ ಹೊಡೆದುಕೊಂಡೆ. ನಿಜವಾಗಿ. ಪಕ್ಕದ ಮನೆಯವರು ಏನಾಯ್ತು ಅಂತ ಬಂದರು, ಸೊಳ್ಳೆ ಅಂದೆ.

ನೀನು ಹೇಳಿದ ಹಾಗೇ ಬರೆದು, ಕಚೇರಿಗೆ ಹೋಗಿ ಕೊಟ್ಟೆ. ಗಾಜಿನ ಕಿಟಕಿಯ ಆಚೆ ಕೂತವರು, "ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಬಿಟ್ರೆ ಎಲ್ರಿಗೂ ಆರಾಮ" ಅಂದರು. "ನಂಗೆ ಆರಾಮ ಬೇಡ" ಅಂದೆ. ನನ್ನ ಬಾಯಿಂದ ಬಂದ ಮಾತಾ ಅದು ಅಂತ ನನಗೇ ಆಶ್ಚರ್ಯವಾಯಿತು. ಮೆಟ್ಟಿಲು ಇಳಿದ ಮೇಲೆ ಮತ್ತೆ ಹತ್ತಿ ಹೋಗಿ, ಕೊಟ್ಟ ಅರ್ಜಿಗೆ ಮುದ್ರೆ ಒತ್ತಿದ್ದಾರಾ ಅಂತ ನೋಡಿ ಬಂದೆ. ಒತ್ತಿದ್ದಾರೆ.

ನೀಲಿ ಶರ್ಟಿನವರೇ ಫೋನ್ ಮಾಡಿದ್ದರು. ಬೈಯಲಿಲ್ಲ. "ಬರ್ತೀನಮ್ಮ. ಬೆಸುಗೆ ಎಲ್ಲಿದೆ ಅಂತ ತೋರ್ಸಿ, ನಾನೇ ಕೆರೆದು ನೋಡ್ತೀನಿ. ಸಿಕ್ಕಿದ್ರೆ ನೆಲ ಲೆಕ್ಕದಿಂದ ಬಿಡ್ತೀನಿ. ಸಿಗದೇ ಇದ್ರೆ ಮಾತ್ರ ಮತ್ತೆ ಕೇಳ್ಬೇಡಿ" ಅಂದರು.

ಎಲ್ಲಿ ಅಂತ ತೋರಿಸಲಿ? ಟಾರ್ಚ್ ಹಿಡಿದಿದ್ದೆ ನಿಜ, ಕಣ್ಣು ಮುಚ್ಚಿಕೊಂಡು ಹಿಡಿದಿದ್ದೆ, ಕಿಡಿ ಹಾರುತ್ತಲ್ಲ. ನೆಲ ಪೂರ್ತಿ ತಡವಿ ತಡವಿ ನೋಡಿದೆ, ಮಗುವಿನ ಕೆನ್ನೆ ಇದ್ದ ಹಾಗಿದೆ. ಅಪ್ಪ ಇಲ್ಲ. ಗೊತ್ತಿರುವುದು ಜಗತ್ತಿನಲ್ಲಿ ನಿನಗೊಬ್ಬನಿಗೆ.

ನಿಯಮ ನನಗೆ ಹೇಳಬೇಡ. ಕಂಪನಿಯ ಮನುಷ್ಯನಾಗಿ ಬರಬೇಡ, ಯಾರು ಕರೆದರು ಅವನನ್ನು? ಆ ನೆಲ ಬೆಸೆದವನು ಬರಲಿ. ನಿನ್ನ ಮೇಲಿನವರಿಗೆ ಹಾಗಂತಲೇ ಬರೆದು ಕೊಟ್ಟು, ರಜೆ ಹಾಕಿ, ಜಾಗ ತೋರಿಸಿ ಹೋಗು. ಗಾಡಿ ಕೊಲ್ಲುವವರ ಜೊತೆ ಸೇರಿಕೊಂಡೆ ಅಂತ ಮೂರು ವರ್ಷದ ಹಿಂದೆ ಶೆಡ್ ಮುಚ್ಚಿದ ದಿನ ನಿನಗೆ ಹೇಳಿದ್ದೆ. ಆ ಮಾತು ಸುಳ್ಳು ಅಂತ ನಾನು ಬಾಯಿಂದ ಹೇಳುವುದಿಲ್ಲ. ನೀನು ಬಂದು ಸುಳ್ಳು ಮಾಡು.

ಇಪ್ಪತ್ತೆರಡನೇ ತಾರೀಖು, ಬೆಳಿಗ್ಗೆ.

ಅಕ್ಕ


ಜುಲೈ 23

ತಮ್ಮನಿಗೆ,

ಚಾಕ್‌ಪೀಸಿನಲ್ಲಿ ಗೆರೆ ಎಳೆದು, "ಇಲ್ಲಿ" ಅಂತ ಒಂದೇ ಮಾತಾಡಿ ನೀನು ರಸ್ತೆ ದಾಟಿ ಹೋಗಿಬಿಟ್ಟೆ. ಸರ್ವೇಯರ್ ಕೆರೆಯುವಾಗ ನಾನಿರಬಾರದು ಅಂದೆ, ಸರಿ. ಟೀ ಅಂಗಡಿಯಲ್ಲಿ ಈ ಕಡೆಗೆ ಬೆನ್ನು ಹಾಕಿ ನಿಂತಿದ್ದೆ. ಎಲ್ಲ ಮುಗಿಸಿ ಬಂದು ನೋಡಿದರೆ ಲೋಟ ಇತ್ತು, ನೀನಿರಲಿಲ್ಲ. ಬಸ್ಸಿಗೆ ಹೊತ್ತಾಯಿತು ಅಂದೆಯಂತೆ, ಅಂಗಡಿಯವರು ಹೇಳಿದರು. ನೀನು ನೋಡದೇ ಹೋದದ್ದನ್ನು ಬರೆಯುತ್ತೇನೆ.

ನೀಲಿ ಶರ್ಟಿನವರು ಮ್ಯಾಟ್ ಎಬ್ಬಿಸಿ, ನಿನ್ನ ಗೆರೆಯ ಮೇಲೆ ಕೆರೆಯತೊಡಗಿದರು. ಬಣ್ಣ ಬಂತು. ಪುಟ್ಟಿ ಬಂತು. ಮತ್ತೆ ಪುಟ್ಟಿ. ಟಿಂಕರಿಂಗ್ ಯಜಮಾನರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ನೀನು ಜಾಗ ಮರೆತಿರಬಹುದು, ಇನ್ನೊಂದು ಮಗ್ಗುಲಿಗೆ ಗೆರೆ ಎಳೆದಿರಬಹುದು, ಅಥವಾ ಇದೆಲ್ಲ ನನ್ನ ಕನಸಿರಬಹುದು, ಹೀಗೆ ಏನೇನೋ. ಆಮೇಲೆ ಅವರ ಕೈ ನಿಂತಿತು. ಬಟ್ಟೆಯಿಂದ ಒರೆಸಿದರು. ಕೆಳಗೆ ಹೊಲಿಗೆ ಹಾಕಿದ ಹಾಗೆ, ಒಂದೇ ಸಮ, ಉದ್ದಕ್ಕೆ ಬೆಸುಗೆ.

ಅದರ ಮೇಲೆ ಹೆಬ್ಬೆರಳು ಆಡಿಸುತ್ತಾ ಹೋದರು. ಬಲಗಡೆಗೂ ಹೋಗಿ ಅಳೆದರು. ಏಟೇ ಬೀಳದ ಆ ಕಡೆಯೂ ಅಷ್ಟೇ ನಾಲ್ಕು ಬೆರಳು ತಗ್ಗು.

"ಲಾರಿ ಗುದ್ದಿದ್ರೂ ಬಿಟ್ಟಿಲ್ಲವಲ್ಲ. ಯಾರಮ್ಮ ಮಾಡಿದ್ದು?" ಅಂದರು.

ನನ್ನ ಬಾಯಿ ನೋಡು, "ಕಂಪ..." ಅನ್ನುವವರೆಗೆ ಬಂದೇಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡೆ. "ನನ್ನ ತಮ್ಮ ಸಾರ್. ಅಗೋ, ಅಲ್ಲಿ ಟೀ ಕುಡೀತಾ ನಿಂತಿದ್ದಾನಲ್ಲ, ಅವನು" ಅಂದೆ.

ಅವರು ರಸ್ತೆಯ ಆಚೆಗೆ ನಿನ್ನ ಬೆನ್ನು ನೋಡಿದರು. ಆಮೇಲೆ ನೆಲದ ಖರ್ಚಿನ ಮೇಲೆ ಅಡ್ಡಗೆರೆ ಎಳೆದು ಸಹಿ ಹಾಕಿದರು. ರಿಪೇರಿ. ಟೋಟಲ್ ಅಲ್ಲ, ರಿಪೇರಿ. ನಾನೇ ಎರಡು ಸಲ ಓದಿಸಿಕೊಂಡೆ.

ಅಂಗಡಿಯವರು ನಿನ್ನ ಟೀ ದುಡ್ಡು ಕೇಳಿದರು. ಕೊಟ್ಟಿದ್ದೇನೆ.

ಅಕ್ಕ


ಆಗಸ್ಟ್ 1

ಅಕ್ಕ,

ಟೀ ದುಡ್ಡು ಬೇಕೆಂದೇ ಕೊಡದೆ ಬಂದೆ. ನೀನು ಅದಕ್ಕಾದರೂ ಕಾಗದ ಬರೆಯುತ್ತೀಯ ಎಂದು ಗೊತ್ತಿತ್ತು.

ನಾನು ಬೆನ್ನು ಹಾಕಿದ್ದು ನಿಜ. ಅಂಗಡಿಯ ಬಿಸ್ಕತ್ ಡಬ್ಬದ ಗಾಜಿನಲ್ಲಿ ನಿಮ್ಮ ಗ್ಯಾರೇಜು ಪೂರ್ತಿ ಕಾಣುತ್ತಿತ್ತು. ಅವರು ಹೆಬ್ಬೆರಳು ಆಡಿಸಿದ್ದು, ಆಮೇಲೆ ನನ್ನ ಕಡೆ ತಿರುಗಿದ್ದು ನೋಡಿದೆ. ಅದಾದ ಮೇಲೆ ಅಲ್ಲಿ ನಿಲ್ಲಲು ಆಗಲಿಲ್ಲ.

ಇಲ್ಲಿ ಮೇಲಿನವರು ಕರೆದು ಕೇಳಿದರು. ಹೋಗುವ ಮುಂಚೆಯೇ ಬರೆದು ಕೊಟ್ಟಿದ್ದೆ, ಅದನ್ನೇ ಹೇಳಿದೆ. ಮುಖ ಗಂಟಿಕ್ಕಿಕೊಂಡಿದ್ದಾರೆ. ಇಕ್ಕಿಕೊಳ್ಳಲಿ.

ಪಾಲಿಸಿ ಹೊಸದು ಮಾಡಿಸುವಾಗ ನೆಲ ಇಳಿಸಿದ್ದನ್ನೂ ರ‍್ಯಾಂಪನ್ನೂ ಬೇರೆಯಾಗಿ ಬರೆಸು, ಅವಕ್ಕೂ ಬೆಲೆ ಕಟ್ಟಿಸು. ಸ್ವಲ್ಪ ಹೆಚ್ಚು ಕಟ್ಟಬೇಕಾಗುತ್ತದೆ. ಇನ್ನೊಂದು ಸಲ ಯಾರೂ ಅದನ್ನು ಬರೀ ಹಳೇ ವ್ಯಾನ್ ಎನ್ನಬಾರದು.

ನಿನ್ನ ತಮ್ಮ


ಸೆಪ್ಟೆಂಬರ್ 12

ತಮ್ಮನಿಗೆ,

ವ್ಯಾನ್ ಬಂತು. ಹಿಂದಿನ ಬಾಗಿಲ ಬಣ್ಣ ಉಳಿದದ್ದಕ್ಕಿಂತ ಒಂದು ಚೂರು ಗಾಢ, ನನಗೆ ಮಾತ್ರ ಕಾಣುತ್ತದೆ, ದಿನವಿಡೀ ಕಾಣುತ್ತದೆ. ಹೊಸ ಸದ್ದೂ ಒಂದಿದೆ. ಅದು ಸದ್ದೇ ಅಲ್ಲ ಅನ್ನುತ್ತಾರೆ ಟೈಪಿಸ್ಟಮ್ಮ. ಅವರ ಕಾಲಿನ ಊತ ಇಳಿದಿದೆ.

ಬೆಸುಗೆಯ ಮೇಲೆ ಮತ್ತೆ ಪುಟ್ಟಿ ಬಳಿಯಲು ಯಜಮಾನರು ಡಬ್ಬ ಹಿಡಿದುಕೊಂಡೇ ಬಂದಿದ್ದರು. ಬೇಡ ಅಂದೆ.

"ಹಾಗೇ ಬಿಟ್ರೆ ಗಾಯ ಇದ್ದ ಹಾಗೆ ಕಾಣುತ್ತಮ್ಮ. ನಿಮ್ಮಪ್ಪ ಇದ್ದಿದ್ರೆ ನನ್ನ ಕೈ ಮುರೀತಿದ್ರು."

"ಅಪ್ಪ ಬಂದು ಕೇಳಿದ್ರೆ ನಾನು ಹೇಳ್ಕೋತೀನಿ. ತುಕ್ಕು ಹಿಡಿಯದ ಹಾಗೆ ಏನಾದ್ರೂ ಬಳೀರಿ, ಆದ್ರೆ ಕಾಣ್ಬೇಕು."

ಈಗ ಮ್ಯಾಟ್ ಎತ್ತಿದರೆ ಕೆಂಪಗೆ, ಉದ್ದಕ್ಕೆ ಕಾಣುತ್ತದೆ. ಡ್ರಾಯಿಂಗ್ ಮೇಷ್ಟ್ರು ಬಗ್ಗಿ ನೋಡಿ, "ಸ್ಕೇಲ್ ಇಟ್ಟು ಎಳ್ದಿದ್ದಾನೇನಮ್ಮ ನಿನ್ನ ತಮ್ಮ?" ಅಂದರು. ಪೈಲ್ವಾನರು ಹತ್ತುವಾಗಲೆಲ್ಲ ಕುರ್ಚಿಯ ಗಾಲಿಯನ್ನು ಬೇಕಂತಲೇ ಅದರ ಮೇಲೆ ಹಾಯಿಸುತ್ತಾರೆ. ಟಕ್ ಅನ್ನುತ್ತದೆ. "ಬಂತು ನಿನ್ನ ತಮ್ಮನ ಮನೆ" ಅನ್ನುತ್ತಾರೆ, ದಿನಾ ಅದೇ ಜೋಕು.

ಹೊಸ ಪಾಲಿಸಿಯೂ ಬಂದಿದೆ. ನೀನು ಹೇಳಿದ ಹಾಗೆ ಬೇರೆಯಾಗಿ ಬರೆಸಿದೆ, ಬೆಲೆಯೂ ಕಟ್ಟಿದ್ದಾರೆ. ಕಿಟಕಿಯವರ ಮುಂದೆ ಮೂರು ಸಲ ಬಿಡಿಸಿ ಬಿಡಿಸಿ ಹೇಳಿ ಬಂದಿದ್ದೆ. ಆದರೂ ಮನೆಗೆ ಬಂದು ಓದಿದರೆ ಹೀಗಿದೆ: ನೆಲ ತಗ್ಗಿಸಿದ್ದು, ಅದರ ಮುಂದೆ, ಕಂಪನಿ ಫಿಟ್ಟಿಂಗ್.

ನನ್ನ ಕಣ್ಣಿನ ದೋಷವಾ, ಅವರು ಹಾಗೇ ಬರೆದಿದ್ದಾರಾ ಅಂತ ಮೇಷ್ಟ್ರ ಕೈಲೂ ಓದಿಸಿದೆ. ಹಾಗೇ ಇದೆ. ಮತ್ತೆ ಹೋಗಿ ತೋರಿಸಿದರೆ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಿ ಅಂತ ಕಿಟಕಿಯವರು ಅಂದರು. ಕೆಡಿಸಿಕೊಳ್ಳುತ್ತೇನೆ, ನನ್ನ ತಲೆ. ನಾಳೆ ಇನ್ನೊಂದು ಲಾರಿ ಬಂದರೆ ಮತ್ತೆ ಅದೇ ಟೇಪು, ಅದೇ ಅಳತೆ. ಅದೊಂದೇ ಅಲ್ಲ. ಸುಳ್ಳು ಒಂದು ಸಲ ಅಪ್ಪನ ಬಾಯಲ್ಲಿ ಬಂತು, ಒಂದು ಸಲ ನನ್ನ ಬಾಯಲ್ಲಿ ಬಂತು. ಮೂರನೇ ಸಲ ಅಚ್ಚಾಗಲು ನಾನು ಬಿಡುವುದಿಲ್ಲ.

ನನ್ನ ಫೈಲು ನೀನು ಮುಟ್ಟಬೇಡ, ನಿಯಮ ಗೊತ್ತು. ತಿದ್ದಿಸಲು ನಾನೇ ಅರ್ಜಿ ಬರೆದಿದ್ದೇನೆ, ನಾಳೆ ಕೊಡುತ್ತೇನೆ. ಅದರ ನಕಲು ಇದರ ಜೊತೆ ಇಟ್ಟಿದ್ದೇನೆ. ಕೊನೆಯ ಸಾಲಿನಲ್ಲಿ ನೆಲ ಇಳಿಸಿದ್ದು ನನ್ನ ತಮ್ಮ, ಅವನೇ ಕೈಯಾರೆ ಅಂತ ಹಾಕಿದ್ದೇನೆ. ಅಕ್ಷರ ನೆಟ್ಟಗೆ ಬಂದಿದೆಯಾ, ಯಾರು ಓದಿದರೂ ಬೇರೆ ಅರ್ಥ ಆಗುವುದಿಲ್ಲ ತಾನೇ, ಆ ಒಂದು ಸಾಲನ್ನು ಇನ್ನೊಂದು ಸಲ ನೋಡು.

ನಿನ್ನ ಅಕ್ಕ